ಒಂದು ರೂಪಾಯಿಯೂ ಬೇಡವೆಂದ ಮಿಸ್ತ್ರಿ

ಗುರಮ್ಮ ಟೀಚರರ ರೇಷ್ಮೆ ಕುಪ್ಪಸದ ಮೇಲೆ ಮಾಳಿಗೆಯಿಂದ ಒಂದು ಕೆಸರು ಹನಿ ಬಿದ್ದದ್ದೇ ತಡ, ಆಳಂದದ ಹಳೇ ಪೇಟೆ ಓಣಿಯ ದೌಲತರಾಯರ ಮನೆಯಲ್ಲಿ ಹೊಲಿಗೆ ಮಿಷನ್ನಿನ ಸದ್ದು ನಿಂತು ಅವರ ಹೆಂಡತಿ ಜಯಮಾಲಾರ ಸದ್ದು ಶುರುವಾಯಿತು.

“ಇದು ಮೂರನೇ ಕುಪ್ಪಸ ನೋಡ್ರಿ! ಇವತ್ತ ಸಂಜೀ ಒಳಗ ಮಿಸ್ತ್ರಿನ್ನ ಗೊತ್ತು ಮಾಡಬೇಕು. ಇಲ್ಲಂದ್ರ ಈ ಮಿಷನ್ ನಿಮ್ಮ ಆಫೀಸಿಗೆ ತಂದು, ನಿಮ್ಮ ಸಾಹೇಬರ ಟೇಬಲ್ ಮ್ಯಾಲೇ ಇಟ್ಟು ಹೊಲೀತೇನಿ!”

“ರಜಾ ಹಾಕೇನಿ ಮಾರಾಯ್ತಿ. ಇಬ್ಬರಿಗೆ ಬರಾಕ ಹೇಳೇನಿ,” ಎಂದರು ದೌಲತರಾಯರು.

“ಬಂದವರ ಮುಂದ ಬಾಯಿ ತಕ್ಕೊಂಡು ನಿಂದರಬ್ಯಾಡ್ರಿ. ಕರೆಂಟ್ ಮಿಷನ್ ತಗೊಳ್ಳಾಕ ಮೂರು ವರ್ಷ ಕೂಡಿಸಿಟ್ಟ ರೊಕ್ಕ ಅದು. ಅದಕ್ಕ ಕೈ ಹಚ್ಚಂಗಿಲ್ಲ. ಹೋದ ವರ್ಷ ಮಾಳಗಿ ಮ್ಯಾಲ ಒಣಾ ಹಾಕಿದ ನೀಲಿ ಚೌಕಡಿ ಲುಂಗಿ ಎಲ್ಲಿ ಹೋತಂತ ಹೇಳಾಕ ಬರಲಿಲ್ಲ ನಿಮಗ. ಮನಿ ಏನ್ ಕಾಯ್ತೀರಿ!”

ಲುಂಗಿಯ ಮಾತು ಬಂದಾಗ ದೌಲತರಾಯರು ಕಿಟಕಿಯಾಚೆ ನೋಡಿದರು.

ಸಹಕಾರಿ ಸಂಘದಲ್ಲಿ ಗುಮಾಸ್ತರಾಗಿದ್ದ ದೌಲತರಾಯರಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದ ಒಂದೇ ಚಟವೆಂದರೆ ಬೆರಗಾಗುವುದು. ದಾರಿಯಲ್ಲಿ ಜೆಸಿಬಿ ಮಣ್ಣು ತೋಡುತ್ತಿದ್ದರೆ ಬುತ್ತಿ ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತುಬಿಡುವರು. ಕೆಲಸ ಬಲ್ಲವನನ್ನು ಕಂಡರೆ ಅವರ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು, ಹಾಗೆ ತೆರೆದ ಬಾಯಿಂದ “ಬ್ಯಾಡ” ಎಂಬ ಮಾತು ಮಾತ್ರ ಹೊರಡುತ್ತಿರಲಿಲ್ಲ.

ಮೊದಲು ಬಂದವನು ಕಂತ್ರಾಟದಾರ ಸಂತೋಷಕುಮಾರ. ಕಿಸೆಯಿಂದ ಬೆಂಕಿಪೊಟ್ಟಣದಷ್ಟು ಸಾಮಾನೊಂದನ್ನು ತೆಗೆದು ಗುಂಡಿ ಒತ್ತಿದ. ಎದುರು ಗೋಡೆಯ ಮೇಲೆ ಕೆಂಪು ಚುಕ್ಕೆ ಮೂಡಿತು, ಕೋಣೆಯ ಉದ್ದಗಲ ಅದರಲ್ಲೇ ಬಂದುಬಿಟ್ಟಿತು. ಟೇಪು ಹಿಡಿಯಲು ಎದ್ದಿದ್ದ ದೌಲತರಾಯರು ಎದ್ದಲ್ಲೇ ನಿಂತರು.

“ಈ ಗ್ವಾಡಿ ಕೆಟ್ಟದರಿ ಸರ್. ಕೆಡವಿ, ಪಿಲ್ಲರ್ ಎಬ್ಬಿಸಿ, ಸ್ಲ್ಯಾಬ್ ಹಾಕೋಣ,” ಎಂದ ಸಂತೋಷಕುಮಾರ ಕಾಗದದ ಮೇಲೆ ಬರೆದುಕೊಟ್ಟ ಮೊತ್ತ ನಾಲ್ಕು ಲಕ್ಷ ಎಂಬತ್ತು ಸಾವಿರ. ಅಷ್ಟು ದುಡ್ಡಿನಲ್ಲಿ ಓಣಿಯ ಪ್ರತಿ ಮನೆಗೂ ಒಂದೊಂದು ಕರೆಂಟ್ ಮಿಷನ್ ಕೊಡಿಸಬಹುದಿತ್ತು. ಆದರೂ ಕೆಂಪು ಚುಕ್ಕೆಯ ಗುಂಗಿನಲ್ಲಿದ್ದ ದೌಲತರಾಯರು ಹೂಂ ಎಂದು ತಲೆಯಾಡಿಸಲು ಹೊರಟಿದ್ದರು. ಒಳಗಿನಿಂದ ಜಯಮಾಲಾ ಕೆಮ್ಮಿದರು. “ವಿಚಾರ ಮಾಡಿ ಹೇಳ್ತೇನ್ರಿ,” ಎಂದು ಹೇಗೋ ಅವನನ್ನು ಸಾಗಹಾಕಿದ್ದಾಯಿತು.

ಎರಡನೆಯವನು ರೆಹಾನ, ಅಫಜಲಪುರದ ಮಿಸ್ತ್ರಿ. ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿಯೊಂದಕ್ಕೆ ಫರಸಿ ಕಲ್ಲು ಹಾಸಲು ಬಂದಿದ್ದವನನ್ನು ದೌಲತರಾಯರೇ ಕರೆದಿದ್ದರು. ಅವನ ಹತ್ತಿರ ಯಾವ ಸಾಮಾನೂ ಇರಲಿಲ್ಲ. ಚಹಾ ಕುಡಿದು, ಖಾಲಿ ಲೋಟವನ್ನೇ ಗೋಡೆಗೆ ಡಬ್ಬು ಹಾಕಿ, ಅದಕ್ಕೆ ಕಿವಿ ಕೊಟ್ಟ. ಬೆರಳಿನ ಗೆಣ್ಣಿನಿಂದ ಗೋಡೆ ಬಾರಿಸುತ್ತ, ಲೋಟ ಸರಿಸುತ್ತ, ನಡುಭಾಗಕ್ಕೆ ಬಂದವನು ಗಕ್ಕನೆ ನಿಂತ. ಮತ್ತೆ ಬಾರಿಸಿದ. ಮಾಳಿಗೆ ಹತ್ತಿ ನೋಡಿ ಇಳಿದು ಬಂದಾಗ ಅವನ ಮುಖವೇ ಬೇರೆಯಾಗಿತ್ತು. ಗೋಡೆ ಮುಟ್ಟಿ, ಆ ಬೆರಳುಗಳನ್ನು ಕಣ್ಣಿಗೊತ್ತಿಕೊಂಡ.

“ಎಷ್ಟ ಆಗ್ತದ ಮಿಸ್ತ್ರಿ?” ದೌಲತರಾಯರ ದನಿ ದೇವರ ಗುಡಿಯಲ್ಲಿ ಮಾತಾಡಿದಂತೆ ತಗ್ಗಿತ್ತು.

“ಒಂದು ರೂಪಾಯಿನೂ ಬ್ಯಾಡ್ರಿ ಮಾಲಕ. ಮಾಳಗಿ ಸೋರೋದು ನಿಂದರಿಸಿ ಕೊಡ್ತೇನಿ, ಅರ್ಧ ತಾಸಿನ ಕೆಲಸ. ಆದ್ರ ಕೈ ಮುಗೀತೇನಿ, ಸಂಜೀತನಕ ಈ ಗ್ವಾಡಿ ಯಾರೂ ಮುಟ್ಟಬ್ಯಾಡ್ರಿ. ನಮ್ಮ ಅಬ್ಬಾನ್ನ ಕರಕೊಂಡು ಬರ್ತೇನಿ.”

“ಯಾಕ? ಗ್ವಾಡ್ಯಾಗ ಏನದ?”

“ಅಬ್ಬಾ ನೋಡಿ ಹೌದು ಅನ್ನಲಿ, ಆಮ್ಯಾಲ ಹೇಳ್ತೇನಿ. ಹಿಂದ ಎರಡು ಸಲ ಬ್ಯಾರೆ ಮನಿ ತೋರಿಸಿ ಮುದುಕಗ ನಿರಾಸೆ ಮಾಡೇನ್ರಿ.” ಇಷ್ಟು ಹೇಳಿ ಅವನು ಮೋಟರ್ ಸೈಕಲ್ ಹತ್ತಿ ಹೊರಟೇಹೋದ.

ರೆಹಾನ ಓಣಿ ದಾಟುವ ಮೊದಲೇ ಪಕ್ಕದ ಮನೆಯ ಸಿದ್ದಲಿಂಗ ಒಳಗೆ ಬಂದಿದ್ದ. ಲೈನ್‌ಮನ್ ಕೆಲಸದಿಂದ ನಿವೃತ್ತನಾದ ಮೇಲೂ ಕಂಬದ ಮೇಲಿಂದ ಮಂದಿ ಮನೆಯಲ್ಲಿ ಇಣುಕುವ ರೂಢಿ ಅವನಿಗೆ ಹೋಗಿರಲಿಲ್ಲ.

“ದೌಲತಣ್ಣಾ, ಫುಕಟ ಮಾಡ್ತೇನಂದನ? ಮಿಸ್ತ್ರಿ? ನೋಡು, ನಮ್ಮ ಸ್ವಂತ ಅಳಿಯ ಫುಕಟ ಒಂದು ಬಲ್ಬ್ ಹಾಕಿಕೊಡಂಗಿಲ್ಲ. ಗ್ವಾಡ್ಯಾಗ ಏನೋ ಅದ!”

“ಏನೋ ಅಂತ ಯಾಕ ಅಂತಿ? ಬಂಗಾರ ಅದ!” ಬಾಗಿಲಲ್ಲಿ ಎದುರು ಮನೆಯ ನಿಂಬೆವ್ವ ನಿಂತಿದ್ದಳು. “ರಜಾಕಾರರ ಗದ್ದಲದಾಗ ಈ ಓಣಿ ಮಂದಿ ಸೊಲ್ಲಾಪುರ ಕಡೆ ಓಡಿ ಹೋದ್ರು. ಹೋಗಾಕಿಂತ ಮೊದಲ ದೌಲತನ ಅಜ್ಜ ಬಂಗಾರೆಲ್ಲಾ ಈ ಗ್ವಾಡ್ಯಾಗ ಇಟ್ಟು ಗಚ್ಚು ಬಳದಾನ. ನಮ್ಮವ್ವ ಹೇಳ್ತಿದ್ಲು. ಗಾಳಿ ಬಿಟ್ಟಾಗ ಈ ಗ್ವಾಡಿ ಬುಸ್ ಅಂತಿತ್ತಲ್ಲ, ಅದು ಕಾವಲಿಗಿ ಕುಂತ ಸರ್ಪ. ಹೋದ ವರ್ಷದಿಂದ ಯಾಕೋ ಸುಮ್ಮನಾಗ್ಯದ.”

“ಅದು ಸುಮ್ಮನಾಗಿದ್ದು ಯಾಕಂದ್ರ...” ಎಂದು ದೌಲತರಾಯರು ಬಾಯಿ ತೆರೆದರು.

“ನೀ ಸುಮ್ಮನಿರು ದೌಲತಣ್ಣ, ನಿನಗ ತಿಳಿಯಂಗಿಲ್ಲ,” ಎಂದ ಸಿದ್ದಲಿಂಗ. “ಅವರಪ್ಪ ಮಂತ್ರಗಾರ ಇರಬೇಕು. ಸಂಜೀಗಿ ಬಂದು ಸರ್ಪ ಎಬ್ಬಿಸಿ ಬಂಗಾರ ಒಯ್ತಾರ. ನಿನಗ ಉಳಿಯೋದು ಬರೇ ರಿಪೇರಿ!”

“ಮಿಸ್ತ್ರಿ ಕೈ ಮುಗದು ಹೇಳಿ ಹೋಗ್ಯಾನ. ಮುಟ್ಟಬ್ಯಾಡ್ರಿ,” ಎಂದರು ಜಯಮಾಲಾ. ಅವರ ಮಾತು ಯಾರ ಕಿವಿಗೂ ಬೀಳಲಿಲ್ಲ. ದೌಲತರಾಯರು ಆಗಲೇ ಗೋಡೆಯನ್ನು ಬೆರಗಿನಿಂದ ನೋಡುತ್ತಿದ್ದರು. ಹುಟ್ಟಿದಾಗಿನಿಂದ ಇದಕ್ಕೆ ಬೆನ್ನು ಕೊಟ್ಟು ಉಂಡಿದ್ದೇನೆ, ಒಮ್ಮೆಯೂ ತಿರುಗಿ ನೋಡಲಿಲ್ಲವಲ್ಲ! ಕ್ಯಾಲೆಂಡರಿಗೆ ಮೊಳೆ ಹೊಡೆದರೆ ಬಾಗಿದ್ದು ಮೊಳೆಯೇ. ಗೋಡೆಗೆ ಗೀರು ಬಿದ್ದಿರಲಿಲ್ಲ. ಬಂಗಾರವಿಲ್ಲದ ಗೋಡೆಗೆ ಅಷ್ಟು ಸೊಕ್ಕು ಎಲ್ಲಿಂದ ಬರಬೇಕು?

ಅಷ್ಟರಲ್ಲಿ ಸಂತೋಷಕುಮಾರ ಮರೆತು ಹೋದ ಚುಕ್ಕೆಯ ಸಾಮಾನು ಒಯ್ಯಲು ಇಬ್ಬರು ಆಳುಗಳೊಂದಿಗೆ ತಿರುಗಿ ಬಂದ. ಸುದ್ದಿ ಕೇಳಿದ ಮೇಲೆ ಅವನೂ ಹೋಗಲಿಲ್ಲ, ಗಾಡಿಯಿಂದ ಹಾರೆ, ಸುತ್ತಿಗೆ ಇಳಿಸಿದ. ಕೆಲಸಕ್ಕೆ ಮೊದಲೇ ಪಾಲು ಗೊತ್ತುಮಾಡಿದ್ದಾಯಿತು. ಸಂತೋಷಕುಮಾರನಿಗೆ ಕಾಲು ಭಾಗ, ಉಪಾಯ ಹೇಳಿದ ಸಿದ್ದಲಿಂಗನಿಗೆ ಕಾಲು ಭಾಗ, ಘತ್ತರಗಿ ಭಾಗ್ಯವಂತಿ ದೇವಿಗೆ ನಿಂಬೆವ್ವನ ಕೈಯಿಂದ ಬೆಳ್ಳಿ ಛತ್ರಿ. ಉಳಿದದ್ದು ಮನೆಯವರಿಗೆ. ಜಯಮಾಲಾ ಮಿಷನ್ನಿಗೆ ಪ್ಲಾಸ್ಟಿಕ್ ಹೊದಿಸಿ ಅಂಗಳಕ್ಕೆ ಸಾಗಿಸಿದರು.

ಹನ್ನೆರಡಕ್ಕೆ ಮೊದಲ ಏಟು ಬಿತ್ತು. ಕಿಡಿ ಹಾರಿತು. ಒಂದು ತಾಸು ಹೊಡೆದರೂ ಉದುರಿದ್ದು ಸುಣ್ಣದ ಪದರು ಮಾತ್ರ. ಎರಡನೇ ತಾಸಿನಲ್ಲಿ ಒಂದು ಹಾರೆ ಬಾಗಿತು, ಮೂರನೇ ತಾಸಿನಲ್ಲಿ ಇನ್ನೊಂದು. ಐದು ಮಂದಿ ಪಾಳಿ ಹಚ್ಚಿ ಹೊಡೆದು ಸುಸ್ತಾಗಿ ಕೂತರೆ, ಅಂಗೈಯ ಬೊಬ್ಬೆಗೆ ಬಾಯಿಂದ ಗಾಳಿ ಊದಿಕೊಳ್ಳುತ್ತ ದೌಲತರಾಯರು, “ಏನ್ ಗ್ವಾಡಿರಿ ಇದು! ಭಲೇ!” ಎನ್ನುತ್ತಿದ್ದರು.

ನಾಲ್ಕರ ಹೊತ್ತಿಗೆ ಏಟಿನ ಸದ್ದು ಬದಲಾಯಿತು. ಪೊಳ್ಳು! ಒಂದು ಕಲ್ಲು ಕಳಚಿ, ಅದರ ಹಿಂದೆ ಕಪ್ಪು ತೂತು ಕಂಡಿತು. ಸಿದ್ದಲಿಂಗ ತೋಳು ತೂರಿಸಿ, ಮೇಲಕ್ಕೆ ತಡಕಾಡಿ, ಕಣ್ಣು ದೊಡ್ಡದು ಮಾಡಿದ. “ಗಂಟು! ಬಟ್ಟಿ ಗಂಟು ಅದ!”

ನಿಂಬೆವ್ವ ಊದಿನಕಡ್ಡಿ ಹಚ್ಚಿ ಕೈ ಮುಗಿದಳು. ಸಿದ್ದಲಿಂಗ ಎಳೆದ, ಬರಲಿಲ್ಲ. ಸಂತೋಷಕುಮಾರ ಅವನ ಸೊಂಟ ಹಿಡಿದು ಎಳೆದ. ಗಂಟು ಕಳಚಿಕೊಂಡು, ಕರ್ರಗೆ ತೊಯ್ದು, ನಾರುತ್ತ ಹೊರಬಂತು. ಬಿಚ್ಚಿದರು. ಬಿಚ್ಚುತ್ತ ಬಿಚ್ಚುತ್ತ ಉದ್ದವಾಯಿತೇ ಹೊರತು ಒಳಗಿಂದ ಏನೂ ಬೀಳಲಿಲ್ಲ. ಕೆಸರಿನಡಿ ನೀಲಿ ಚೌಕಡಿ ಕಂಡಿತು.

“ಇದು ನಿಮ್ಮ ಲುಂಗಿ ಅಲ್ಲೇನ್ರಿ?” ಎಂದರು ಜಯಮಾಲಾ.

ಉತ್ತರ ಬರುವ ಮೊದಲೇ ಗೋಡೆ ಒಮ್ಮೆ ಗೊರ್ರೆಂದಿತು. ಎಲ್ಲರೂ ಅಂಗಳಕ್ಕೆ ಹಾರಿದರು. ಧಡಲ್! ಗೋಡೆಯ ಜೊತೆಗೆ ಮಾಳಿಗೆಯ ಒಂದು ಮೂಲೆಯೂ ಇಳಿಯಿತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಧೂಳು ಅಡಗುವಷ್ಟರಲ್ಲಿ ಸಿದ್ದಲಿಂಗನಿಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿತ್ತು, ಸಂತೋಷಕುಮಾರನಿಗೆ ಎಲ್ಲಿಂದಲೋ ಫೋನು ಬಂದಿತ್ತು. ಇಬ್ಬರೂ ಇರಲಿಲ್ಲ, ಆಳುಗಳೂ ಇರಲಿಲ್ಲ.

ಆಗ ಬಾಗಿಲಿಗೆ ಆಟೋ ಬಂದು ನಿಂತಿತು. ರೆಹಾನ ಎಂಬತ್ತು ದಾಟಿದ ತಂದೆ ಲಾಡ್ಲೇಸಾಬರನ್ನು ಕೈ ಹಿಡಿದು ಇಳಿಸಿಕೊಂಡ. ಒಳಗೆ ಬಂದವನು ಬಿದ್ದ ಗೋಡೆ ಕಂಡು ತಲೆಯ ಮೇಲೆ ಕೈ ಹೊತ್ತುಕೊಂಡ.

ಮುದುಕರು ಮಣ್ಣಿನ ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಡೆದ ಮಣ್ಣಿನ ಕೊಳವೆಯ ಚೂರೊಂದನ್ನು ಎತ್ತಿಕೊಂಡರು. “ಇದೇ ಮನಿ, ಬೇಟಾ,” ಎಂದರು. “ಮಾಳಗಿ ನೀರು ನಮ್ಮ ಅಂಗಳಕ್ಕ ಬೀಳ್ತದಂತ ಬಾಜೂದವರು ಜಗಳ ತೆಗದಿದ್ರು. ಅದಕ್ಕ ನಮ್ಮಪ್ಪ ನೀರಿಳಿಯೋ ಕೊಳವಿನ್ನ ಗ್ವಾಡಿ ಒಳಗ ಮುಚ್ಚಿ ಕಟ್ಟಿದ. ಕಲ್ಲಿನ ಜೋಡಣಿ ಎಲ್ಲಿ ಅದ ಅಂತ ಯಾರಿಗೂ ಗೊತ್ತಾಗಬಾರದು ಅಂತಿದ್ದ. ರಜಾಕಾರರ ಗದ್ದಲ ಮುಗಿದು ನಾಕು ವರ್ಷಕ್ಕ ಕಟ್ಟಿದ್ದು. ನಾ ಗಚ್ಚು ಹೊತ್ತೇನಿ.”

ನಿಂಬೆವ್ವ ಊದಿನಕಡ್ಡಿ ಆರಿಸಿಕೊಂಡು ಸದ್ದಿಲ್ಲದೆ ಮನೆಗೆ ಹೋದಳು.

“ಕೊಳವಿಗಿ ಏನೋ ಸಿಕ್ಕೊಂಡಿತ್ರಿ ಮಾಲಕ,” ಎಂದ ರೆಹಾನ. “ನೀರು ಇಳೀದೆ ಮಾಳಗಿ ಮ್ಯಾಲ ನಿಂತು ಸೋರತಿತ್ತು. ಮ್ಯಾಲಿಂದ ಕೊಂಡಿ ಹಾಕಿ ಎಳದಿದ್ರ ಆಗತಿತ್ತು. ಅಬ್ಬಾ ನೋಡಲಿ ಅಂತ ಬಿಟ್ಟು ಹೋಗಿದ್ದೆ.”

ಜಯಮಾಲಾ ಲುಂಗಿಯನ್ನೂ ಗಂಡನನ್ನೂ ನೋಡಿದರು.

“ಗಾಳಿಗಿ ಗ್ವಾಡಿ ಬುಸ್ ಅಂತದ, ನಿದ್ದಿ ಬರವಲ್ದು ಅಂತ ನೀ ಅಂದಿದ್ದಿಯಲ್ಲ...” ದೌಲತರಾಯರು ತೊದಲಿದರು. “ಮಾಳಗಿ ಮ್ಯಾಲ ಒಂದು ತೂತು ಇತ್ತು. ಕೈಗೆ ಲುಂಗಿ ಸಿಕ್ಕಿತು, ತುರುಕಿದೆ. ಮುಂಜಾನಿ ಹೇಳಾಕ ಹೊಂಟಿದ್ದೆ. ಯಾರು ಕೇಳಿದ್ರು?”

ಲಾಡ್ಲೇಸಾಬರು ತಲೆ ಎತ್ತಿದರು. “ಎಷ್ಟು ಮಂದಿ ಕೆಡವಿದ್ರಿ?”

“ಐದು ಮಂದಿರಿ,” ಎಂದು ದೌಲತರಾಯರು ಕೈ ಮುಗಿದರು. “ತಪ್ಪಾತ್ರಿ ಸಾಹೇಬ್ರ.”

“ಎಷ್ಟು ತಾಸು?”

“ನಾಕು ತಾಸು.”

“ಹಾರಿ?”

“ಎರಡು ಬಾಗಿದವ್ರಿ.”

ಮುದುಕರ ಸುಕ್ಕು ಮುಖ ಅರಳಿತು. “ಮಾಶಾಅಲ್ಲಾ! ಕೇಳಿದೇನು ರೆಹಾನ? ಐದು ಮಂದಿ, ನಾಕು ತಾಸು, ಎರಡು ಹಾರಿ! ಇನ್ನೊಮ್ಮೆ ಹೇಳ್ರಿ ಮಾಲಕ, ಮೊದಲಿಂದ ಹೇಳ್ರಿ.”

ದೌಲತರಾಯರು ಮೊದಲಿನಿಂದ ಹೇಳಿದರು. ಕಿಡಿ ಹಾರಿದ್ದನ್ನು ಹೇಳುವಾಗ ತಾವೇ ಮೈ ಮರೆತರು. ಅಂಥ ಗೋಡೆಯನ್ನು ಇನ್ನು ನೋಡಲಾರೆನಲ್ಲ ಎಂದು ಅವರ ಕಣ್ಣು ತುಂಬಿ ಬಂತು. ಮುದುಕರು ಮುಷ್ಟಿ ಗಾತ್ರದ ಗಚ್ಚಿನ ಗಟ್ಟಿಯೊಂದನ್ನು ವಸ್ತ್ರದಲ್ಲಿ ಕಟ್ಟಿಕೊಂಡರು. ದೌಲತರಾಯರೇ ಅವರನ್ನು ಕೈ ಹಿಡಿದು ಆಟೋದವರೆಗೆ ಬಿಟ್ಟು ಬಂದರು.

ಅಷ್ಟರಲ್ಲಿ ರೆಹಾನ ಕಣ್ಣೊರೆಸಿಕೊಂಡು, ಟೇಪು ಎಳೆದು, ಸಂತೋಷಕುಮಾರ ಬಿಟ್ಟುಹೋದ ಕಾಗದದ ಬೆನ್ನಿಗೆ ಲೆಕ್ಕ ಬರೆದು ಮುಗಿಸಿದ್ದ. ಐದು ಲಕ್ಷದ ಹತ್ತು ಸಾವಿರ.

“ಇದೇನ್ ಮಿಸ್ತ್ರಿ? ಮುಂಜಾನಿ ಒಂದು ರೂಪಾಯಿನೂ ಬ್ಯಾಡ ಅಂದಿದ್ದಿ!” ಎಂದರು ದೌಲತರಾಯರು.

“ಮುಂಜಾನಿ ಅದು ನಮ್ಮ ದಾದಾನ ಗ್ವಾಡಿ ಇತ್ರಿ ಮಾಲಕ, ಅದಕ್ಕ ರೊಕ್ಕ ಹೆಂಗ ತಗೊಳ್ಳಲಿ? ಇನ್ನ ಕಟ್ಟೋದು ನನ್ನ ಗ್ವಾಡಿ. ನಂದು ರೇಟ್ ಅದ.”

ಜಯಮಾಲಾ ಒಳಗೆ ಹೋಗಿ ಕರೆಂಟ್ ಮಿಷನ್ನಿನ ದುಡ್ಡಿನ ಡಬ್ಬಿ ತಂದು, ಮುಂಗಡವೆಂದು ರೆಹಾನನ ಕೈಗೆ ಕೊಟ್ಟರು. ಲುಂಗಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿ ಗಂಡನ ಮುಂದಿಟ್ಟರು.

“ಇದನ್ನ ಒಗದು ಹಾಕ್ರಿ. ಆಮ್ಯಾಲ ನಿಮ್ಮ ಸಾಹೇಬರಿಗಿ ಒಂದು ಫೋನ್ ಮಾಡ್ರಿ.”

“ಯಾಕ?”

“ನಾಳಿ ಮುಂಜಾನಿ ಅವರ ಟೇಬಲ್ ಖಾಲಿ ಮಾಡಿ ಇಡಾಕ ಹೇಳ್ರಿ. ಗ್ವಾಡಿ ಏಳೋತನಕ ನಾ ಅಲ್ಲೇ ಹೊಲೀತೇನಿ.”