ಮೀಟರ್ ಮಾವ ಕೇಳಿದ ಎರಡು ತಿಂಗಳು

ಬೆಳೆಯುವ ಕಂಪನಿಯಲ್ಲಿ ನಗುವುದಕ್ಕೆ ದಿನಕ್ಕೊಂದು ಸಂಗತಿ ತಾನಾಗಿ ಸಿಗುತ್ತದೆ, ಹುಡುಕಿಕೊಂಡು ಹೋಗಬೇಕಾಗಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆಯ ಅಂಥದೊಂದು ಕಂಪನಿಯಲ್ಲಿ ನಾನು ಸರ್ವಿಸ್ ಕೆಲಸಕ್ಕಿದ್ದೆ. ಮೂವರಿಂದ ಶುರುವಾಗಿ ಎರಡೇ ವರ್ಷದಲ್ಲಿ ನಲವತ್ತು ಜನ ಆದೆವು. ನಮಗೆ ಅನ್ನ ಹಾಕಿದ್ದು ಒಂದೇ ಸಾಮಾನು, ಭತ್ತದ ತೇವ ಅಳೆಯುವ ಮೀಟರ್. ಬಟ್ಟಲಿಗೆ ಒಂದು ಹಿಡಿ ಭತ್ತ ಹಾಕಿದರೆ ಮುಳ್ಳು ತೇವ ಎಷ್ಟಿದೆಯೆಂದು ತೋರಿಸುತ್ತಿತ್ತು. ರೈಸ್ ಮಿಲ್ಲಿನವರಿಗೆ ಕಾಳನ್ನು ಹಲ್ಲಲ್ಲಿ ಕಚ್ಚಿ ನೋಡುವುದು ತಪ್ಪಿತ್ತು.

ಅದನ್ನು ಮಾಡಿದವರು ಹರಿಹರದ ಕಾರ್ಖಾನೆಯೊಂದರಿಂದ ಬೇಗನೆ ನಿವೃತ್ತಿ ತೆಗೆದುಕೊಂಡಿದ್ದ ಗುತ್ತೂರಿನ ಹಿರಿಯರು. ಮಾಲೀಕರಿಂದ ಹಿಡಿದು ನಮಗೆಲ್ಲ ಅವರು ಮೀಟರ್ ಮಾವ. ಅವರ ಮೀಟರಿಗೆ ಒಂದೇ ಕುಂದು. ಒಣಭತ್ತಕ್ಕೆ ನಿಜ ಹೇಳುತ್ತಿದ್ದ ಮುಳ್ಳು, ಗದ್ದೆಯಿಂದ ನೇರ ಬಂದ ಹಸಿಭತ್ತಕ್ಕೆ ಸುಳ್ಳು ಹೇಳುತ್ತಿತ್ತು.

"ಎರಡು ತಿಂಗಳು ಬ್ಯಾರೆ ಕೆಲ್ಸ ಹಚ್ಚಬ್ಯಾಡ್ರಿ, ಸರಿ ಮಾಡಿಕೊಡ್ತೀನಿ" ಎಂದು ಮಾವ ನಮ್ಮ ಮಾಲೀಕರಾದ ಸಾಹುಕಾರರನ್ನು ಕೇಳಿದರು.

ಸಾಹುಕಾರರು ಒಳ್ಳೆಯವರು, ಯಾರಿಗೂ ಇಲ್ಲ ಅಂದವರಲ್ಲ. "ನಾಳಿಂದ್ಲೇ ತಗಳ್ರಿ" ಅಂದರು.

ಚಪ್ಪಲಿ

ಮರುದಿನ ಸಾಹುಕಾರರು ಕಂಪ್ಯೂಟರ್ ಕ್ಲಾಸ್ ಶುರು ಮಾಡಿದರು. ಒಳಕೋಣೆಗೆ ಏಸಿ ಬಂತು, ಅಲ್ಲಿದ್ದ ಮಾವನ ಮೇಜು ಹೊರಗೆ ಬಂತು. ಕಂಪ್ಯೂಟರಿಗೆ ಧೂಳು ತಾಗಬಾರದೆಂದು ಎಲ್ಲರೂ ಚಪ್ಪಲಿ ಹೊರಗೇ ಬಿಡಬೇಕು. ಬಿಡುವ ಜಾಗ ಮಾವನ ಮೇಜಿನ ಪಕ್ಕ.

ಮೊದಲ ದಿನ ಶಾಮನೂರಿನ ಕಡೆಯ ಹುಡುಗಿಯೊಬ್ಬಳು ಹೊಸ ಚಪ್ಪಲಿ ಬಿಟ್ಟು, "ಅಜ್ಜಾರೆ, ಸ್ವಲ್ಪ ನೋಡ್ಕಳ್ರಿ" ಅಂದಳು. ಬೆಸುಗೆ ಹಾಕುತ್ತಿದ್ದ ಮಾವ ತಲೆಯೆತ್ತದೆ ಹೂಂ ಅಂದರು. ಆ ಹೂಂ ಒಂದೇ ಸಾಕಾಯಿತು. ವಾರದೊಳಗೆ ಬರುವವರೆಲ್ಲ ಅವರಿಗೆ ಹೇಳಿಯೇ ಒಳಗೆ ಹೋಗತೊಡಗಿದರು. ನನಗೆ ನೋಡಲಾಗಲಿಲ್ಲ. ಸಾಹುಕಾರರಿಗೆ ಹೇಳೋಣ ಬರ್ರಿ ಅಂದೆ.

"ಬ್ಯಾಡ ಬಿಡಪ್ಪ" ಅಂದರು ಮಾವ. "ಮೀಟರ್‌ದು ಏನೂ ಮುಂದಕ್ಕೆ ಹೋಗಿಲ್ಲ, ನಿಜ. ಆದ್ರೆ ಇವತ್ತಿನ ತನಕ ಒಂದು ಜೊತೆನೂ ಕಳುವಾಗಿಲ್ಲ ನೋಡು."

ಜಾತಕ

ಆಮೇಲೆ ಕಂಪ್ಯೂಟರಿನಲ್ಲಿ ಜಾತಕ ತೆಗೆದುಕೊಡುವ ವ್ಯಾಪಾರ ಬಂತು. ಮಾವನ ಮಾತನ್ನು ಬಿಟ್ಟರೆ ಪ್ರಿಂಟರ್ ಯಾರ ಮಾತನ್ನೂ ಕೇಳುತ್ತಿರಲಿಲ್ಲವಾದ್ದರಿಂದ ಆ ಕೆಲಸವೂ ಅವರ ತಲೆಗೇ ಬಿತ್ತು. ಒಂದು ದಿನ ಸಾಹುಕಾರರು ಕಂಪನಿ ಶುರುವಾದ ದಿನ, ಗಳಿಗೆ ಹೇಳಿ, "ನಮ್ಮ ಕಂಪನಿದೂ ಒಂದು ತೆಗೀರಿ" ಅಂದರು.

ಬಂದ ಕಾಗದವನ್ನು ತಾವೇ ಗಟ್ಟಿಯಾಗಿ ಓದಿದರು: "ಜಾತಕನು ಅನೇಕ ವೃತ್ತಿಗಳಿಗೆ ಕೈಹಾಕಿ ನಷ್ಟಪಡುವನು. ಒಂದೇ ವೃತ್ತಿ ಹಿಡಿದರೆ ಏಳಿಗೆ. ಇಪ್ಪತ್ತೇಳನೇ ವಯಸ್ಸಿನಲ್ಲಿ ವಿವಾಹ."

ಮಾವ ಆಸೆಯಿಂದ ಅವರ ಮುಖ ನೋಡಿದರು. ಸಾಹುಕಾರರು ಕಾಗದವನ್ನು ಇನ್ನೊಮ್ಮೆ ಓದಿ, "ಕಂಪನಿಗೆ ಎಲ್ಲಾದ್ರೂ ಮದ್ವಿ ಆಗ್ತೈತೇನ್ರಿ? ಈ ಸಾಫ್ಟ್‌ವೇರೇ ಸರಿ ಇಲ್ಲ" ಅಂದರು. ಮುಂದಿನ ವಾರ ಜಾತಕಕ್ಕೆ ಇನ್ನೊಂದು ಸಾಫ್ಟ್‌ವೇರ್ ಬಂತು.

ಫೋಕಸ್

ಸ್ಟೆಬಿಲೈಸರ್, ಕೇಬಲ್ ಟಿವಿಯ ಸಾಮಾನು, ಲಗ್ನಪತ್ರಿಕೆಯ ಡಿಟಿಪಿ ಎಲ್ಲ ಸೇರಿ ಎಂಟು ವಿಭಾಗಗಳಾದವು. ಸುಗ್ಗಿಯಲ್ಲಿ ಭಾನುವಳ್ಳಿಯ ಮಿಲ್ಲಿನವರೊಬ್ಬರು ಬಂದು ತಾವು ಕೊಂಡಿದ್ದ ಎರಡು ಮೀಟರುಗಳನ್ನು ಮಾವನ ಮೇಜಿನ ಮೇಲಿಟ್ಟು, "ನಮ್ಮ ಹಲ್ಲೇ ವಾಸಿ ಕಣ್ರಿ" ಎಂದು ಹೊರಟುಹೋದರು. ಮಾವ ಅವತ್ತು ಊಟ ಮಾಡಲಿಲ್ಲ.

ಸಾಹುಕಾರರಿಗೂ ಗಾಬರಿಯಾಗಿ ಬೆಂಗಳೂರಿನಿಂದ ಸಲಹೆಗಾರರೊಬ್ಬರನ್ನು ಕರೆಸಿದರು. ಅವರು ಬೋರ್ಡಿನ ಮೇಲೆ ದೊಡ್ಡದೊಂದು ಸೊನ್ನೆ ಬರೆದು, ನಟ್ಟನಡುವೆ ಚುಕ್ಕೆಯಿಟ್ಟು, "ಫೋಕಸ್ ಬೇಕು. ನಿಮ್ಮದು ಮೀಟರ್. ಉಳಿದದ್ದು ಬಿಡಿ" ಅಂದರು. ಸಾಹುಕಾರರ ಕಣ್ಣಲ್ಲಿ ನೀರು ಬಂತು. "ತಪ್ಪಾತ್ರಿ ಮಾವಾರೆ. ಇನ್ಮ್ಯಾಲೆ ಫೋಕಸ್ಸೇ" ಎಂದು ಎಲ್ಲರೆದುರು ಕೈಮುಗಿದರು. ಅವತ್ತು ನಲವತ್ತು ಜನಕ್ಕೂ ಬೆಣ್ಣೆದೋಸೆ.

ಸೋಮವಾರ ಆದೇಶ ಬಂತು. ಮಾವ ಇಡೀ ಕಂಪನಿಗೆ ಫೋಕಸ್ ಇನ್‌ಚಾರ್ಜ್. ಎಂಟೂ ವಿಭಾಗಗಳನ್ನು ದಿನಾ ಸುತ್ತಿ, ಎಲ್ಲರೂ ಫೋಕಸ್ ಮಾಡುತ್ತಿದ್ದಾರೋ ಇಲ್ಲವೋ ನೋಡಿ, ಸಂಜೆ ವರದಿ ಕೊಡಬೇಕು.

"ಮತ್ತೆ ಮೀಟರ್ ಹೆಂಗೆ ಮಾವಾರೆ?" ಅಂದೆ.

"ಅದಕ್ಕೆ ಟೈಮ್ ಎಲ್ಲೈತಪ್ಪ? ಫೋಕಸ್ ನೋಡ್ಬೇಕಲ್ಲ."

ಹಸಿಭತ್ತ

ಹಾಗೆ ಸುತ್ತುತ್ತಿರುವಾಗಲೇ ಒಂದು ಮಧ್ಯಾಹ್ನ ಮಾವ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು. ಎರಡು ತಿಂಗಳು ಮನೆ ಬಿಟ್ಟು ಹೊರಗೆ ಹೋಗಕೂಡದು ಎಂದರು ಡಾಕ್ಟರು. ನಾನು ಅಳುಮೋರೆ ಹಾಕಿಕೊಂಡು ಗುತ್ತೂರಿಗೆ ಹೋದರೆ, ಮಾವ ಮಂಚದ ಮೇಲೆ ಮೀಟರ್ ಬಿಚ್ಚಿ ಹರಡಿಕೊಂಡಿದ್ದರು.

"ಸಾಹುಕಾರ್ರು ಕೊಡ್ಲಿಲ್ಲ, ಡಾಕ್ಟ್ರು ಕೊಟ್ರು ನೋಡು!"

ಅವರ ಹೆಂಡತಿ ಬೈದು ಬೈದು ಸುಸ್ತಾಗಿದ್ದರು. ನಾನು ವಾರಕ್ಕೆರಡು ಸಲ ಭಾನುವಳ್ಳಿಯಿಂದ ಹಸಿಭತ್ತ ತಂದುಕೊಡುತ್ತಿದ್ದೆ. ಒಂದು ಹಿಡಿಯನ್ನು ಮೀಟರಿಗೆ ಹಾಕುವುದು, ಇನ್ನೊಂದನ್ನು ಒಣಗಿಸಿ ತೂಗಿ ತಾಳೆ ನೋಡುವುದು. ಏಳನೇ ವಾರ ಎರಡೂ ತಾಳೆಯಾದವು. ನಾನು ಕುಣಿದಾಡಿದೆ. ಮಾವ ಮುಳ್ಳನ್ನೇ ನೋಡುತ್ತಾ ಕೂತಿದ್ದರು.

ಸುದ್ದಿ ಕೇಳಿ ಸಾಹುಕಾರರು ಹಣ್ಣು ಹಿಡಿದು ಬಂದರು. ಮಾವ ಕೂತಲ್ಲೇ ಬಟ್ಟಲಿಗೆ ಹಸಿಭತ್ತ ಹಾಕಿ ತೋರಿಸಿದರು. ಸಾಹುಕಾರರು ಅವರ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟರು. ಆ ಅಳು ಸುಳ್ಳಲ್ಲ, ನಾನು ಅಲ್ಲೇ ಇದ್ದೆ. ಆಮೇಲೆ ಕಣ್ಣೊರೆಸಿಕೊಂಡು, ಮೀಟರನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ಕೇಳಿದರು:

"ಮಾವಾರೆ, ಇದ್ರಾಗೆ ಹತ್ತಿ ನೋಡಾಕೆ ಬರ್ತೈತೇನ್ರಿ? ಮೆಕ್ಕೆಜೋಳ? ಮೆಣಸಿನಕಾಯಿ?"

ಮಾವ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂದು, ಹೆಂಡತಿ ಒಳಗಿನಿಂದ ನೀರು ತಂದರು. ಅವರು ಅಷ್ಟು ನಕ್ಕಿದ್ದನ್ನು ನಾನು ನೋಡಿರಲೇ ಇಲ್ಲ. ನಾನೂ ನಕ್ಕೆ. ಏನೆಂದು ತಿಳಿಯದೆ ಸಾಹುಕಾರರೂ ನಕ್ಕರು.

"ಬರ್ತೈತ್ರಿ, ಯಾಕ ಬರಲ್ಲ" ಅಂದರು ಮಾವ, ಉಸಿರು ಸರಿ ಮಾಡಿಕೊಂಡು. "ಇನ್ನೊಂದು ಎರಡು ತಿಂಗಳು ಕೊಡ್ರಿ."

"ತಗಳ್ರಿ ಮಾವಾರೆ, ಇವತ್ತಿಂದ್ಲೇ!" ಅಂದರು ಸಾಹುಕಾರರು.

ಒಂಬತ್ತನೇ ದಿನ ಮಾವ ತೀರಿಕೊಂಡರು.