ಕ್ಯಾಸರೋಲ್ ಮಂಜೂರಾದ ಬಗೆ

ರಸ್ತೆ ಫಲಕಗಳ ಇಲಾಖೆಯ ಕ್ಯಾಂಟೀನಿನಲ್ಲಿ ಒಂದು ಸೋಮವಾರ ತಟ್ಟೆಗಳೆಲ್ಲ ಖಾಲಿಯಾಗಿ ವಾಪಸು ಬಂದವು. ಈ ಲೋಪವನ್ನು ಆಡಳಿತವು ಗಂಭೀರವಾಗಿ ಪರಿಗಣಿಸಿತು.

ಎಲೆಕೋಸಿನ ಸಾರು, ಹಿಂದಿನ ದಿನದ ಬ್ರೆಡ್ಡು, ಇದು ಅಲ್ಲಿನ ಮಂಜೂರಾದ ಊಟ. ಪೇಂಟರುಗಳು ಅದನ್ನು ಅರ್ಧ ತಿಂದು ಅರ್ಧ ಬಿಡುವುದು ರೂಢಿ. ಆ ದಿನ ಕೋಸಿನ ಲಾರಿ ಬರಲಿಲ್ಲ. ಎಲ್ಲರೂ ಅಕ್ಕ ಎಂದು ಕರೆಯುವ ಅಡುಗೆಯಾಕೆ, ಅಧಿಕಾರಿಗಳ ಊಟದ ಕೋಣೆಯಲ್ಲಿ ಮಿಕ್ಕಿದ್ದ ದನದ ಮಾಂಸದ ಕೀಮಾವನ್ನು ಈರುಳ್ಳಿ, ಮೆಣಸಿನ ಪುಡಿಯ ಜೊತೆ ನೀರಾರುವ ತನಕ ಹುರಿದಳು. ದೊಡ್ಡ ಟ್ರೇಗಳಲ್ಲಿ ಹರಡಿ, ಚೀಸು ತುರಿದು, ಮೇಲೆ ಫ್ರೆಂಚ್ ಫ್ರೈಸ್ ಜೋಡಿಸಿ, ಮತ್ತೆ ಚೀಸು ಸುರಿದು ಬೇಕರಿ ಒಲೆಯೊಳಗಿಟ್ಟಳು. ಅಂಚು ಗರಿಗರಿಯಾಗಿ ಮೇಲ್ಭಾಗ ಕೆಂಪಗಾದಾಗ ತೆಗೆದಳು.

ರಸ್ತೆ ಫಲಕಗಳ ಮೇಲೆ ಬಾಣದ ಗುರುತು ಬರೆಯುವವನು ಆಕೆಯ ಗಂಡ. ಅವನು ಬೆರಳು ಚೀಪುತ್ತ ಕೇಳಿದ: "ಏನೇ ಇದು? ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ?"

"ಕ್ಯಾಸರೋಲ್ ಅಂತಾರೆ ಕಣ್ರೀ. ಸುಮ್ನೆ ತಿನ್ನಿ."

ಮರುದಿನ ಅಧೀಕ್ಷಕರು ಅಕ್ಕನನ್ನು ಕರೆಸಿದರು.

"ಯಾರನ್ನ ಕೇಳಿ ರುಚಿಯಾಗಿ ಮಾಡಿದ್ರಿ?"

"ಕೋಸು ಬರ್ಲಿಲ್ಲ ಸಾರ್."

"ಬರದಿದ್ರೆ ನನಗೆ ಹೇಳ್ಬೇಕು. ನಾನು ಮೇಲಕ್ಕೆ ಬರೀತೀನಿ. ಅಲ್ಲಿಂದ ಉತ್ತರ ಬರೋಷ್ಟರಲ್ಲಿ ಕೋಸು ಬಂದಿರುತ್ತೆ. ನಿಮ್ಮನ್ನ ಕೆಲಸದಿಂದ ತೆಗೀಬಹುದು, ಗೊತ್ತಾ? ಆದ್ರೆ ನಿಯಮದಲ್ಲಿ ಪರೀಕ್ಷೆಗೆ ಅವಕಾಶ ಇದೆ. ಒಂದು ಟ್ರೇ ಮಾಡಿ ತನ್ನಿ."

ಅಧೀಕ್ಷಕರು, ಲೆಕ್ಕಾಧಿಕಾರಿ ಮತ್ತು ಉಗ್ರಾಣಾಧಿಕಾರಿಗಳನ್ನೊಳಗೊಂಡ ಪರೀಕ್ಷಾ ಸಮಿತಿ ಸೇರಿತು. ಅಭಿಪ್ರಾಯ ಬರೆಯುವುದರೊಳಗೆ ಪರೀಕ್ಷಾರ್ಥ ವಸ್ತುವು ಮುಗಿದುಹೋದ ಕಾರಣ ಇನ್ನೊಂದು ಟ್ರೇ ಅಗತ್ಯವೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಎರಡನೆಯದರಲ್ಲಿ ಲೆಕ್ಕಾಧಿಕಾರಿ ಆಕ್ಷೇಪವೆತ್ತಿದರು: ಬೆಲೆಬಾಳುವ ಮಾಂಸವು ಕೆಳಗಿದ್ದು, ಅಗ್ಗದ ಆಲೂಗಡ್ಡೆಯು ಅದರ ತಲೆಯ ಮೇಲೆ ಕೂರುವುದು ಯಾವ ಹಿರಿತನದ ಪಟ್ಟಿಗೂ ಹೊಂದುವುದಿಲ್ಲ. ಅಕ್ಕ ತಲೆಕೆಳಗು ಮಾಡಿ ತಂದಳು. ಫ್ರೈಸ್ ಮೆತ್ತಗಾಗಿ ಮುದ್ದೆಯಾಯಿತು. ಆಲೂಗಡ್ಡೆಗೆ ಹಿಂಬಡ್ತಿ ಒಗ್ಗಲಿಲ್ಲವೆಂದು ಸಮಿತಿ ದಾಖಲಿಸಿ, ಅದನ್ನೂ ಮುಗಿಸಿತು. ಆಮೇಲೆ ಗೃಹ ವಾತಾವರಣದಲ್ಲಿ ಚೀಸಿನ ವರ್ತನೆಯನ್ನು ಗಮನಿಸಬೇಕಾಗಿ ಬಂದದ್ದರಿಂದ ಸದಸ್ಯರು ಸಂಜೆಗೊಂದು ಟ್ರೇ ಮನೆಗೆ ಒಯ್ಯತೊಡಗಿದರು.

ಕೆಳಗೆ ಪೇಂಟರುಗಳಿಗೆ ಮತ್ತೆ ಕೋಸಿನ ಸಾರು. ವಾಸನೆ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಮೆಟ್ಟಿಲಿಳಿದು ಬರುತ್ತಿತ್ತು.

"ನನಗೊಂದು ಚಮಚ ತೆಗೆದಿಡೋಕೆ ಆಗಲ್ವೇನೇ?" ಎಂದ ಗಂಡ.

"ಇಟ್ರೆ ನನ್ನ ಕೆಲಸ ಹೋಗುತ್ತೆ ಕಣ್ರೀ."

"ಅವರ ಮಕ್ಕಳು ತಿನ್ನೋದು ಪರೀಕ್ಷೆ, ನಾನು ತಿಂದ್ರೆ ಕಳ್ಳತನ. ಆಯ್ತು ಬಿಡು."

ಅಂದಿನಿಂದ ಅವನು ಅವಳೊಡನೆ ಮಾತು ಬಿಟ್ಟ. ಉಪ್ಪು ಬೇಕಾದರೂ ಗೋಡೆ ನೋಡಿಕೊಂಡು ಕೇಳುತ್ತಿದ್ದ. ಸಹಿಸಿ ಸಹಿಸಿ ಸಾಕಾಗಿ, ಕರೆಯದೆ ಎಂದೂ ಮೇಲೆ ಹೋಗದ ಅಕ್ಕ ಅಧೀಕ್ಷಕರ ಬಾಗಿಲಲ್ಲಿ ನಿಂತಳು.

"ಸಾರ್, ಆಯ್ತು ಅನ್ನಿ, ಇಲ್ಲ ಬೇಡ ಅನ್ನಿ. ನಮ್ಮ ಮನೇಲಿ ಮಾತೇ ನಿಂತುಹೋಗಿದೆ."

ಅಧೀಕ್ಷಕರಿಗೆ ಕರುಣೆ ಬಂತು. ಅವರು ಬಾಯಿ ಒರೆಸಿಕೊಂಡು ಶಿಫಾರಸು ಬರೆದರು. ಕೇಂದ್ರ ಕಚೇರಿಯಿಂದ ಆದೇಶ ಬಂತು: "ನೌಕರರಿಗೆ ಪ್ರತಿದಿನ ಮಧ್ಯಾಹ್ನ ಕೋಸಿನ ಸಾರಿಗೆ ಬದಲಾಗಿ ಕ್ಯಾಸರೋಲ್ ಅನ್ನು ಬಿಸಿಬಿಸಿಯಾಗಿ ಒದಗಿಸತಕ್ಕದ್ದು."

ಪೇಂಟರುಗಳು ಕುಣಿದಾಡಿದರು. ಕ್ಯಾಂಟೀನಿನ ಬಾಗಿಲಿಗೆ 'ಕ್ಯಾಸರೋಲ್' ಎಂದು ಹೆದ್ದಾರಿಯ ಅಳತೆಯ ಫಲಕ ಬರೆದು ತೂಗುಹಾಕಿದರು. ಗಂಡ ಅದರ ಮೇಲೊಂದು ದಪ್ಪ ಬಾಣ ಬರೆದು, ಹೆಂಡತಿಯ ಕಡೆ ನೋಡಿ ನಕ್ಕ.

ಅಕ್ಕ ಕೀಮಾ ತರಲು ಉಗ್ರಾಣಕ್ಕೆ ಓಡಿದಳು.

"ಯಾವ ಕೀಮಾ?" ಎಂದರು ಉಗ್ರಾಣಾಧಿಕಾರಿ. "ಕ್ಯಾಸರೋಲ್ ಅಂದ್ರೆ ಪಾತ್ರೆ, ಅಕ್ಕ. ಬಿಸಿ ಆರದಿರಲಿ ಅಂತ ಮುಚ್ಚಿಡೋದು. ನಮ್ಮನೇಲೂ ಇದೆ. ಪಾತ್ರೆ ಮಂಜೂರಾಗಿದೆ. ಒಳಗೇನು ಅಂತ ಬರೆದಿಲ್ಲ."

ಅಧೀಕ್ಷಕರು ಆದೇಶವನ್ನು ಮತ್ತೆ ಮತ್ತೆ ಓದಿ ತಲೆಯಾಡಿಸಿದರು. "ಹೌದಲ್ಲ! ಒಳಗಿನದಕ್ಕೆ ಪ್ರತ್ಯೇಕ ಮಂಜೂರಾತಿ ಬೇಕು. ಅದಕ್ಕೆ ಪರೀಕ್ಷೆ ಮುಂದುವರಿಸೋಣ, ನಾಳೆ ಸಂಜೆಗೆ ಮೂರು ಟ್ರೇ ಇರಲಿ. ಕೆಳಗೆ ಆದೇಶದಲ್ಲಿರೋದನ್ನ ಬಡಿಸಿ. ಬಿಸಿಬಿಸಿಯಾಗಿ ಅಂತಿದೆ, ನೆನಪಿಟ್ಕೊಳ್ಳಿ."

ಮಧ್ಯಾಹ್ನ ಅಕ್ಕ ಖಾಲಿ ಟ್ರೇಯನ್ನು ಒಲೆಯಲ್ಲಿ ಕಾಯಿಸಿ ಕಟ್ಟೆಯ ಮೇಲಿಟ್ಟಳು. ಸಾಲಿನಲ್ಲಿ ಮೊದಲು ನಿಂತವನು ಗಂಡ. ಅವನ ಮುಖ ನೋಡಲಾರದೆ ತಲೆತಗ್ಗಿಸಿ, ಸೌಟಿನಿಂದ ಟ್ರೇಯ ತಳ ಕೆರೆದು ಅವನ ತಟ್ಟೆಯ ಮೇಲೆ ಮಗುಚಿದಳು. ಅವನು ಟ್ರೇ ನೋಡಿದ. ಅವಳ ತಗ್ಗಿದ ತಲೆ ನೋಡಿದ. ಅವಳ ಹಿಂದೆ ಕ್ಯಾಂಟೀನಿನ ಮೇಲ್ವಿಚಾರಕ ನಿಂತಿದ್ದ.

"ಅಂಚಿನದು ಹಾಕೇ," ಎಂದ ಗಂಡ ಮೆಲ್ಲಗೆ. "ಅಲ್ಲೇ ಗರಿಗರಿ ಇರೋದು."

ಅವಳು ಅಂಚಿನದು ಹಾಕಿದಳು. ಸಾಲಿನಲ್ಲಿ ಅವನ ಹಿಂದಿದ್ದ ಪೇಂಟರು ತನಗೂ ಅಂಚಿನದೇ ಬೇಕೆಂದ. ಆ ವಾರ ಹಾಗೇ ಕಳೆಯಿತು. ಮುಂದಿನ ವಾರ ಅಂಚಿಗಾಗಿ ಜಗಳವಾಗಿ, ಅಂಚು ಹಿರಿಯ ಪೇಂಟರುಗಳಿಗೆ, ನಡುವಿನದು ಹೊಸಬರಿಗೆ ಎಂದು ಸುತ್ತೋಲೆ ಹೊರಡಿಸಬೇಕಾಯಿತು. ಈಚೆಗೆ ಮೊದಲಿನ ರುಚಿ ಇಲ್ಲವೆಂದು ಕೆಲವರು ದೂರು ಕೊಟ್ಟರು. ಅಕ್ಕನಿಗೆ ಅದು ಮನಸ್ಸಿಗೆ ನಾಟಿತು.

ಈಗ ಆಕೆ ತುಂಬ ಎಚ್ಚರದಿಂದ ಮಾಡುತ್ತಾಳೆ. ಮೊನ್ನೆ ಸಾಲು ಉದ್ದವಾಗಿ, ಹಸಿವಿನಿಂದ ಯಾರೋ ತಟ್ಟೆ ಬಡಿದಾಗ, ಒಲೆಯ ಬಾಗಿಲು ತೆರೆದು ಬಗ್ಗಿ ನೋಡಿ, ಮತ್ತೆ ಮುಚ್ಚಿದಳು.

"ಸ್ವಲ್ಪ ತಾಳ್ರಪ್ಪಾ," ಎಂದಳು. "ಮೇಲಿಂದು ಇನ್ನೂ ಕೆಂಪಗಾಗಿಲ್ಲ."