ಭಾವನ ಮೋಟಾರಿಗೆ ತೆಂಗಿನೆಣ್ಣೆ

ಅರವತ್ತು ರಿಯಾಲಿನ ರಬ್ಬರ್ ಚಕ್ರವನ್ನು ನಾವು ಎರಡು ಸಲ ಕೊಂಡೆವು. ಮೊದಲನೆಯದು ದೋಣಿಯ ಮೋಟಾರಿಗಾಗಿ, ಎರಡನೆಯದು ನಮ್ಮ ಭಾವನ ದೆಸೆಯಿಂದ! ಅಂಗಡಿಯವನು ಎಂಬತ್ತು ಹೇಳಿದ್ದ. ನಾನು ಎರಡು ಬಾರಿ ಬಾಗಿಲವರೆಗೆ ನಡೆದು ಅರವತ್ತಕ್ಕೆ ಇಳಿಸಿದೆ. ಚೌಕಾಸಿಗೆ ಬಗ್ಗದ್ದು ಜಗತ್ತಿನಲ್ಲಿ ಒಂದೇ, ಭಾವನ ಹಟ.

ಭಾವ ಎಂದರೆ ಅಕ್ಕನ ಗಂಡ. ಇಪ್ಪತ್ತು ವರ್ಷ ಎಸಿ ರಿಪೇರಿ ಮಾಡಿ ಕೊಲ್ಲಿಯ ಈ ಊರಲ್ಲಿ ಇಡೀ ಬಿನ್ ಮಹಮೂದ್ ಬಡಾವಣೆಯನ್ನು ತಂಪಾಗಿಟ್ಟ ಮಹಾನುಭಾವರು. ಆದರೆ ತಾವು ಕೊಂಡ ಹಳೇ ದೋಣಿಯ ಮೋಟಾರನ್ನು ತಂಪಾಗಿಡಲು ಅವರಿಂದ ಆಗಬೇಕಲ್ಲ! ಆ ಮೋಟಾರು ಕಡಲ ನೀರನ್ನೇ ಹೀರಿ, ಮೈ ತಣಿಸಿಕೊಂಡು, ಹಿಂದಿನ ಸಣ್ಣ ತೂತಿನಿಂದ ಉಗುಳಬೇಕು. ಉಗುಳುತ್ತಿರಲಿಲ್ಲ. ಐದೇ ನಿಮಿಷಕ್ಕೆ ಕಾದು ಕೀಂ ಎನ್ನುತ್ತಿತ್ತು.

ಅಕ್ಕ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಮಲ್ಪೆಯಲ್ಲಿ ಹದಿನೆಂಟು ವರ್ಷ ಮೀನು ಮಾರಿದವಳು, ಒಮ್ಮೆಯೂ ದೋಣಿ ಹತ್ತಿದವಳಲ್ಲ. ನಮ್ಮಲ್ಲಿ ಕಡಲು ಗಂಡಸರಿಗೆ, ದಡದ ಬುಟ್ಟಿ ಹೆಂಗಸರಿಗೆ. "ನಿನ್ನನ್ನು ಕಡಲಿಗೆ ಕರ್ಕೊಂಡು ಹೋಗಿಯೇ ಊರಿಗೆ ಕಳಿಸುದು" ಎಂದು ಭಾವ ಮಾತು ಕೊಟ್ಟಿದ್ದರು. ಶನಿವಾರ ಅವಳ ವಿಮಾನ. ಉಳಿದದ್ದು ಒಂದೇ ರಜೆ, ಶುಕ್ರವಾರ!

ಮೊದಲು ಭಾವನಿಗೆ ತೂತಿನಲ್ಲಿ ಉಪ್ಪು ಕಟ್ಟಿದೆಯೆಂಬ ಅನುಮಾನ. ಊರಿಂದ ತರಿಸಿದ್ದ ಹಿಡಿಸೂಡಿ ಪೊರಕೆಯ ಕಡ್ಡಿ ತೂರಿಸಿ ತಿರುವಿದರು. ಕಡ್ಡಿ ಮುರಿದು ಒಳಗೇ ಉಳಿಯಿತು! ಅದನ್ನು ಅಕ್ಕನ ಹೇರ್‌ಪಿನ್ನಿನಿಂದ ಕೀಳುವಷ್ಟರಲ್ಲಿ ಗುರುವಾರ ಸಂಜೆ. ಕೊನೆಗೆ ನಾನೇ ಪಂಪು ಬಿಚ್ಚಿದೆ. ನೀರು ಹೀರಬೇಕಾದ ರಬ್ಬರ್ ಚಕ್ರ, ತಿಂಗಳ ಹಿಂದಷ್ಟೇ ಹಾಕಿದ್ದು, ಮಂಗಳೂರು ಬನ್ಸಿನಂತೆ ಉಬ್ಬಿ ಕೂತಿದೆ!

"ಭಾವ, ಇದಕ್ಕೆ ಎಂತ ಹಚ್ಚಿದ್ದೀರಿ?"

"ತೆಂಗಿನೆಣ್ಣೆ. ಮಂಡೆಗೆ ಹಾಕಿದ್ರೆ ಮಂಡೆ ತಂಪಾಗ್ತದೆ, ಮೋಟಾರು ಆಗುದಿಲ್ವಾ ಮಾರಾಯ?"

"ನಿಮ್ಮ ಮಂಡೆಗೇ ಹಾಕಿದ್ರೆ ನಾವು ಈಗ ಕಡಲಲ್ಲಿ ಇರ್ತಿದ್ದೆವು" ಎಂದಳು ಅಕ್ಕ.

ಅಂಗಡಿ ಮುಚ್ಚುವ ಮೊದಲು ಓಡಿದೆ. ಅವಸರದಲ್ಲಿರುವವನಿಗೆ ಯಾರು ದರ ಇಳಿಸುತ್ತಾರೆ? ಆದರೂ ಮತ್ತೆ ಬಾಗಿಲವರೆಗೆ ನಡೆದು ಅರವತ್ತೇ ಕೊಟ್ಟೆ!

ಶುಕ್ರವಾರ ಬೆಳಿಗ್ಗೆ ತೂತಿನಿಂದ ನೀರು ಚಿಮ್ಮಿತು. "ಯಲ್ಲಾ, ಹೊರಡುವ!" ಎಂದು ಭಾವ ದೋಣಿ ಬಿಟ್ಟರು. ಅರ್ಧ ಗಂಟೆಯಾದ ಮೇಲೆ ಮೋಟಾರು ಗಪ್ಪನೆ ನಿಂತಿತು.

"ಪುನಃ ಬಿಸಿಯಾಯ್ತಾ?" ನಾನು ಟೂಲ್‌ಬಾಕ್ಸಿಗೆ ಕೈ ಹಾಕಿದೆ.

"ಇಲ್ಲ ಮಾರಾಯ, ನಾನೇ ಆಫ್ ಮಾಡಿದ್ದು. ಅವಳು ನೋಡ್ಲಿ."

ಅಕ್ಕ ಬಗ್ಗಿ ನೀರಿಗೆ ಕೈ ಇಳಿಬಿಟ್ಟಳು. ಆಮೇಲೆ ಮೆಲ್ಲಗೆ, "ಇಲ್ಲಿ ಕಡಲಿಗೆ ಮೀನಿನ ವಾಸನೆಯೇ ಇಲ್ಲ ಅಲ್ವಾ?" ಎಂದಳು. ಭಾವ ಅತ್ತ ತಿರುಗಿ, ಕೆಟ್ಟಿರದ ಮೋಟಾರನ್ನು ಒರೆಸತೊಡಗಿದರು.

ಆದ್ದರಿಂದ ಓದುಗರೇ, ರಬ್ಬರ್ ಚಕ್ರವನ್ನು ವರ್ಷಕ್ಕೊಮ್ಮೆ ಬದಲಿಸಿ. ಎಣ್ಣೆ ಬೇಡ, ಸಾಬೂನು ನೀರು ಸಾಕು. ದಡ ಸೇರಿದ ಮೇಲೆ ಮೋಟಾರನ್ನು ಸಿಹಿನೀರಿನಲ್ಲಿ ಹತ್ತು ನಿಮಿಷ ಓಡಿಸಿ. ಮತ್ತೆ, ಕಡಲಿಗೆ ಮೊದಲ ಸಲ ಬಂದವರು ಜೊತೆಗಿದ್ದರೆ, ಎಲ್ಲವೂ ಸರಿಯಿದ್ದರೂ ನಡುವೆ ಸ್ವಲ್ಪ ಹೊತ್ತು ಅದನ್ನು ನಿಲ್ಲಿಸಿ.